ಪದಾರ್ಥ ವರದಿಯನ್ನು ಆಟೋಮೇಟ್ ಮಾಡುವ ಮೊದಲು ಫಾರ್ಮುಲಾ ಸರಿಮಾಡಿಕೊಳ್ಳಿ

ಕ್ಲೀನರ್, ಪೇಂಟ್, ಅಂಟು, ಶಾಂಪೂ, ಇ-ಸಿಗರೇಟಿನ ದ್ರವ. ಇಂಥವನ್ನು ತಯಾರಿಸುವವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: “ನಮ್ಮಲ್ಲಿ ನೂರಾರು ಉತ್ಪನ್ನಗಳಿವೆ. ಒಂದೊಂದರಲ್ಲೂ ಏನೇನಿದೆ ಅಂತ ಸರ್ಕಾರಿ ಪೋರ್ಟಲ್‌ನಲ್ಲಿ ಕೂತು ಟೈಪ್ ಮಾಡಿ ಮಾಡಿ ಸಾಕಾಗಿದೆ. ಇದು ತಾನಾಗಿ ಹೋಗುವ ಹಾಗೆ ಮಾಡಬಹುದಾ?”

ಮಾಡಬಹುದು. ಆದರೆ ಕಳಿಸುವುದು ಈ ಕೆಲಸದ ಸುಲಭದ ಭಾಗ. ಕಳಿಸುವ ಮಾಹಿತಿ ಸರಿ ಇದೆಯೇ ಅನ್ನುವುದೇ ಕಷ್ಟದ ಭಾಗ. ಕೈಯಲ್ಲಿ ಟೈಪ್ ಮಾಡುವಾಗ ಆದ ತಪ್ಪು ಒಂದು ಉತ್ಪನ್ನಕ್ಕೆ ನಿಲ್ಲುತ್ತದೆ. ಪ್ರೋಗ್ರಾಂನಲ್ಲಿರುವ ತಪ್ಪು ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಉತ್ಪನ್ನಗಳಿಗೂ ಹರಡುತ್ತದೆ. ಅದಕ್ಕೇ ಈ ಲೇಖನದ ಅರ್ಧಕ್ಕಿಂತ ಜಾಸ್ತಿ ಭಾಗ ಕಳಿಸುವುದಕ್ಕೆ ಮೊದಲಿನ ಕೆಲಸದ ಬಗ್ಗೆಯೇ ಇದೆ.

ಈ ವರದಿಗಳನ್ನು ಯಾರು ಓದುತ್ತಾರೆ ಅನ್ನುವುದನ್ನೂ ತಿಳಿದುಕೊಳ್ಳಿ. ಮಗುವೊಂದು ಕ್ಲೀನರ್ ಕುಡಿದುಬಿಟ್ಟಾಗ ವೈದ್ಯರು ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡುತ್ತಾರೆ. ಬಾಟಲಿಯ ಮೇಲಿನ ಕೋಡ್ ಹೇಳುತ್ತಾರೆ. ಆ ಕಡೆಯವರು ಕಂಪ್ಯೂಟರ್‌ನಲ್ಲಿ ನೋಡುವುದು ನೀವು ಕಳಿಸಿದ ಅಂಕಿಗಳನ್ನೇ.

ಏನೇನು ಬೇಕು?

ದುಬಾರಿ ಸಾಫ್ಟ್‌ವೇರ್ ಬೇಕೇ ಬೇಕು ಎಂದೇನಿಲ್ಲ. ಜನ ಬೇಕು. ಫಾರ್ಮುಲಾ ಗೊತ್ತಿರುವ ಲ್ಯಾಬ್‌ನವರೊಬ್ಬರು, ನಿಯಮ ಗೊತ್ತಿರುವವರೊಬ್ಬರು, ಕೋಡ್ ಬರೆಯುವವರೊಬ್ಬರು. ಜೊತೆಗೆ, ಎಲ್ಲರೂ ಮರೆಯುವ ನಾಲ್ಕನೆಯವರು: ಕಚ್ಚಾ ಸಾಮಗ್ರಿ ಕೊಡುವವರ ಬೆನ್ನು ಹತ್ತಿ ಮಾಹಿತಿ ತರಿಸುವ ಖರೀದಿ ವಿಭಾಗದವರು. ಇವರಿಲ್ಲದೆ ಶುರು ಮಾಡಿದರೆ 4ನೇ ಹಂತದಲ್ಲಿ ಗಾಡಿ ನಿಲ್ಲುತ್ತದೆ.

ಇನ್ನೊಂದು ಮಾತು. ನಿಮ್ಮಲ್ಲಿರುವುದು ಇಪ್ಪತ್ತು ಮೂವತ್ತು ಉತ್ಪನ್ನ, ಫಾರ್ಮುಲಾ ಬದಲಾಗುವುದು ವರ್ಷಕ್ಕೊಮ್ಮೆ ಎಂದಾದರೆ ಆಟೋಮೇಷನ್ ಬೇಡ ಎಂದೇ ಹೇಳುತ್ತೇನೆ. ಹಂತ 1ರಿಂದ 5ರವರೆಗೆ ಮಾಡಿ, ಪೋರ್ಟಲ್‌ನಲ್ಲಿ ಕೈಯಲ್ಲೇ ತುಂಬಿ. ಸುಮ್ನೆ ಯಾಕೆ ದುಡ್ಡು ಸುರಿಯಬೇಕು?

ಹಂತ 1: ಯಾವ ಬಾಗಿಲು, ಏನು ಕೇಳುತ್ತದೆ

ಮೊದಲು ಒಂದು ಪಟ್ಟಿ ಮಾಡಿ. ನೀವು ಯಾವ ಉತ್ಪನ್ನವನ್ನು ಎಲ್ಲೆಲ್ಲಿ ಮಾರುತ್ತೀರಿ, ಅಲ್ಲಿ ಯಾರಿಗೆ ವರದಿ ಕೊಡಬೇಕು, ಅವರಿಗೆ ಎಷ್ಟು ವಿವರ ಬೇಕು. ಒಂದು ಕಡೆ ನಡೆಯುವುದು ಇನ್ನೊಂದು ಕಡೆ ನಡೆಯುವುದಿಲ್ಲ. ಕೆಲವು ಉದಾಹರಣೆ ನೋಡಿ.

ಯುರೋಪಿಯನ್ ಒಕ್ಕೂಟದಲ್ಲಿ ಆರೋಗ್ಯಕ್ಕೆ ಅಪಾಯ ಇರುವ ಅಥವಾ ಬೆಂಕಿ, ಸ್ಫೋಟದಂಥ ಅಪಾಯ ಇರುವ ಮಿಶ್ರಣಗಳನ್ನು ಮಾರುವ ಮೊದಲೇ ವಿಷ ಮಾಹಿತಿ ಕೇಂದ್ರಗಳಿಗೆ ತಿಳಿಸಬೇಕು. ಇದನ್ನು ಹೇಳುವುದು 1272/2008ನೇ ಸಂಖ್ಯೆಯ ನಿಯಮದ 8ನೇ ಅನುಬಂಧ. ಆ ನಿಯಮವನ್ನು ಎಲ್ಲರೂ ಸಿಎಲ್‌ಪಿ ಎನ್ನುತ್ತಾರೆ. ಈ ತಿಳಿಸುವಿಕೆಗೆ ಪಿಸಿಎನ್ ಎಂದು ಹೆಸರು. ಮನೆಬಳಕೆಯ ಮತ್ತು ವೃತ್ತಿಪರರು ಬಳಸುವ ಉತ್ಪನ್ನಗಳಿಗೆ ಇದು 2021ರ ಜನವರಿ 1ರಿಂದ, ಕಾರ್ಖಾನೆಗಳಲ್ಲಷ್ಟೇ ಬಳಸುವವುಗಳಿಗೆ 2024ರ ಜನವರಿ 1ರಿಂದ ಜಾರಿಗೆ ಬಂತು. ಇಲ್ಲಿ ಪದಾರ್ಥದ ಹೆಸರಷ್ಟೇ ಸಾಲದು, ಶೇಕಡಾ ಪ್ರಮಾಣವೂ ಬೇಕು.

ಅಮೆರಿಕದಲ್ಲಿ ಸೌಂದರ್ಯ ಸಾಧನಗಳಿಗೆ 2022ರ ಮೋಕ್ರಾ ಕಾಯ್ದೆ ಇದೆ. ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಉತ್ಪನ್ನಗಳ ಪಟ್ಟಿ ಸಲ್ಲಿಸಬೇಕು. ಪದಾರ್ಥಗಳ ಹೆಸರು ಬೇಕು, ಪ್ರಮಾಣ ಬೇಡ. ಹೊಸ ಉತ್ಪನ್ನವಾದರೆ ಮಾರಾಟ ಶುರುವಾದ ಮೇಲೆ 120 ದಿನ ಸಮಯವಿದೆ.

ಇ-ಸಿಗರೇಟಿನ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ಯುರೋಪಿನ 2014/40 ನಿರ್ದೇಶನದ ಪ್ರಕಾರ ಮಾರುಕಟ್ಟೆಗೆ ಬಿಡುವ 6 ತಿಂಗಳು ಮೊದಲೇ ತಿಳಿಸಬೇಕು. ಅದೇ ನಿರ್ದೇಶನ ತಂಬಾಕು ಉತ್ಪನ್ನಗಳಿಗೆ ಎಲ್ಲ ಪದಾರ್ಥಗಳನ್ನೂ ತೂಕದ ಇಳಿಕೆ ಕ್ರಮದಲ್ಲಿ, ಬ್ರ್ಯಾಂಡ್ ಮತ್ತು ಬಗೆಗೆ ತಕ್ಕಂತೆ ಕೇಳುತ್ತದೆ.

ಒಂದು ಕಡೆ ಮಾರಿದ ಮೇಲೆ 120 ದಿನ, ಇನ್ನೊಂದು ಕಡೆ ಮಾರುವ 6 ತಿಂಗಳು ಮೊದಲು. ಇವೆರಡನ್ನೂ ಒಂದೇ ಕ್ಯಾಲೆಂಡರ್ ನಿಯಮದಲ್ಲಿ ಹಾಕಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಇಲ್ಲಿ ಎಡವುವ ಜಾಗ: ಕಳಿಸಬೇಕಾದ ಹೊಣೆ ಯಾರದು ಎಂದು ನೋಡದೇ ಇರುವುದು. ಪಿಸಿಎನ್‌ನಲ್ಲಿ ಒಕ್ಕೂಟದ ಹೊರಗಿನ ತಯಾರಕರ ಮೇಲೆ ಆ ಹೊಣೆ ಇಲ್ಲ. ಅದು ಒಳಗಿನ ಆಮದುದಾರರದ್ದು. ಅಮೆರಿಕದ ಪಟ್ಟಿಯಲ್ಲಿ ಲೇಬಲ್ ಮೇಲೆ ಯಾರ ಹೆಸರಿದೆಯೋ ಆ ತಯಾರಕ, ಪ್ಯಾಕರ್ ಅಥವಾ ವಿತರಕರೇ ಹೊಣೆ. ನೀವು ಕಟ್ಟುವ ವ್ಯವಸ್ಥೆ ನೇರವಾಗಿ ಪ್ರಾಧಿಕಾರಕ್ಕೆ ಕಳಿಸಬೇಕೇ, ಇಲ್ಲ ಆಮದುದಾರರಿಗೆ ಮಾಹಿತಿ ಕೊಟ್ಟರೆ ಸಾಕೇ ಎನ್ನುವುದು ಇಲ್ಲೇ ತೀರ್ಮಾನವಾಗಬೇಕು.

ಹಂತ 2: ಫಾರ್ಮುಲಾ ಒಂದೇ ಕಡೆ ಇರಲಿ

ಎಷ್ಟೋ ಕಂಪನಿಗಳಲ್ಲಿ ಒಂದೇ ಉತ್ಪನ್ನಕ್ಕೆ ಮೂರು ಫಾರ್ಮುಲಾಗಳಿರುತ್ತವೆ. ಲ್ಯಾಬ್‌ನವರ ಎಕ್ಸೆಲ್‌ನಲ್ಲಿ ಒಂದು. ಇಆರ್‌ಪಿ, ಅಂದರೆ ಖರೀದಿ, ಸ್ಟಾಕ್, ಉತ್ಪಾದನೆಯ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು. ಮೂರನೆಯದು ಮಿಕ್ಸಿಂಗ್ ಟ್ಯಾಂಕ್ ಪಕ್ಕ ಅಂಟಿಸಿದ, ಪೆನ್ನಿನಲ್ಲಿ ತಿದ್ದಿದ ಹಾಳೆಯಲ್ಲಿ. ನಿಜವಾಗಿ ಬಾಟಲಿಗೆ ಹೋಗುವುದು ಈ ಮೂರನೆಯದು!

ಯಾವುದು ಅಸಲಿ ಎಂದು ತೀರ್ಮಾನಿಸಿ. ಅದನ್ನು ಡೇಟಾಬೇಸ್‌ಗೆ ಹಾಕಿ. ಪ್ರತಿ ಫಾರ್ಮುಲಾಗೂ ಆವೃತ್ತಿ ಸಂಖ್ಯೆ, ಯಾವತ್ತಿನಿಂದ ಜಾರಿ, ಯಾರು ಒಪ್ಪಿದರು ಎನ್ನುವುದು ಇರಲಿ. ಹಳೆಯ ಆವೃತ್ತಿಯ ಮೇಲೆ ಹೊಸದನ್ನು ಬರೆಯಬೇಡಿ. ಹಳೆಯದನ್ನು ಹಾಗೇ ಬಿಟ್ಟು ಹೊಸದನ್ನು ಸೇರಿಸಿ.

ಇಆರ್‌ಪಿಯಲ್ಲಿರುವ ಸಾಮಗ್ರಿ ಪಟ್ಟಿಯನ್ನೇ ತೆಗೆದು ಕಳಿಸಿಬಿಡೋಣ ಅನ್ನಿಸುತ್ತದೆ. ಬೇಡ. ಆ ಪಟ್ಟಿ ಹೇಳುವುದು ಟ್ಯಾಂಕಿಗೆ ಏನು ಸುರಿದಿರಿ ಎಂದು. ವರದಿಗೆ ಬೇಕಿರುವುದು ಕೊನೆಗೆ ಬಾಟಲಿಯಲ್ಲಿ ಏನಿದೆ ಎಂದು. ಸಿಟ್ರಿಕ್ ಆಮ್ಲ ಹಾಕಿ, ಆಮೇಲೆ ಪಿಎಚ್ ಸರಿಮಾಡಲು ಕಾಸ್ಟಿಕ್ ಸೋಡಾ ಹಾಕಿದರೆ ಎರಡೂ ಸೇರಿ ಸಿಟ್ರೇಟ್ ಆಗುತ್ತದೆ. ಪಟ್ಟಿಯನ್ನು ಹಾಗೇ ಕಳಿಸಿದರೆ ಬಾಟಲಿಯಲ್ಲಿ ಇಲ್ಲದ ಕಾಸ್ಟಿಕ್ ಸೋಡಾ ವರದಿಯಲ್ಲಿ ಇರುತ್ತದೆ. ತಯಾರಿಯಲ್ಲಿ ಆವಿಯಾಗಿ ಹೋಗುವ ದ್ರಾವಕದ ಕಥೆಯೂ ಅಷ್ಟೇ. ಹಾಗಾಗಿ ಪ್ರತಿ ಫಾರ್ಮುಲಾಗೂ ಎರಡು ಮುಖ ಇಡಿ: ಹಾಕಿದ್ದು ಒಂದು, ಉಳಿದದ್ದು ಒಂದು. ಎರಡನೆಯದನ್ನು ಲ್ಯಾಬ್‌ನವರೇ ನೋಡಿ ಒಪ್ಪಬೇಕು. ಪ್ರೋಗ್ರಾಂ ಊಹಿಸಬಾರದು.

ಹಂತ 3: ಪದಾರ್ಥಗಳ ಗುರುತು ಸ್ವಚ್ಛ ಮಾಡಿ

ಒಂದು ರಾಸಾಯನಿಕಕ್ಕೆ ಹತ್ತು ಹೆಸರು. ಹೆಸರನ್ನು ನಂಬಿ ಕೋಡ್ ಬರೆಯಬೇಡಿ. ಗುರುತು ಸಂಖ್ಯೆ ಬಳಸಿ. ಎಲ್ಲ ಕಡೆ ಜಾಸ್ತಿ ಬಳಕೆಯಲ್ಲಿರುವುದು ಸಿಎಎಸ್ ಸಂಖ್ಯೆ. ಮಧ್ಯೆ ಎರಡು ಅಡ್ಡಗೆರೆ ಇರುವ ಮೂರು ಭಾಗದ ಸಂಖ್ಯೆ ಇದು. ನೀರಿನದು 7732-18-5. ಇದರ ಜೊತೆಗೆ ಯುರೋಪಿನಲ್ಲಿ ಇಸಿ ಸಂಖ್ಯೆ, ಸೌಂದರ್ಯ ಸಾಧನಗಳ ಲೇಬಲ್‌ಗೆ ಐಎನ್‌ಸಿಐ ಹೆಸರು, ಎಫ್‌ಡಿಎ ಕಡೆಗೆ ಯೂನಿ ಎಂಬ ಕೋಡ್. ಒಂದು ಪದಾರ್ಥಕ್ಕೆ ಒಂದು ಸಾಲು ಮಾಡಿ, ಇವೆಲ್ಲವನ್ನೂ ಆ ಸಾಲಿನಲ್ಲೇ ಇಡಿ.

ಸಿಎಎಸ್ ಸಂಖ್ಯೆಯಲ್ಲಿ ಒಂದು ಅನುಕೂಲವಿದೆ. ಕೊನೆಯ ಅಂಕಿ ತಾಳೆ ನೋಡುವ ಅಂಕಿ. ಅದನ್ನು ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ 1, 2, 3 ಎಂದು ಗುಣಿಸುತ್ತಾ ಹೋಗಿ ಕೂಡಿಸಿ. ನೀರಿಗೆ ಮಾಡಿ ನೋಡೋಣ: 8×1, 1×2, 2×3, 3×4, 7×5, 7×6. ಒಟ್ಟು 105. ಅದರ ಕೊನೆಯ ಅಂಕಿ 5. ಸಂಖ್ಯೆಯ ಕೊನೆಯಲ್ಲೂ 5. ಸರಿಹೋಯಿತು. ಯಾರೋ 18ರ ಬದಲು 81 ಎಂದು ಟೈಪ್ ಮಾಡಿದ್ದರೆ ಒಟ್ಟು 112 ಆಗಿ ತಪ್ಪು ಸಿಕ್ಕಿಬೀಳುತ್ತದೆ. ಐದಾರು ಸಾಲಿನ ಕೋಡ್, ಅಷ್ಟೇ. ಇದನ್ನು ಮೊದಲ ದಿನವೇ ಬರೆದು ಇರುವ ಪಟ್ಟಿಯ ಮೇಲೆಲ್ಲ ಓಡಿಸಿ.

ಆದರೆ ಇದು ಹಿಡಿಯುವುದು ಟೈಪಿಂಗ್ ತಪ್ಪನ್ನು ಮಾತ್ರ. ತಪ್ಪಾದ ಪದಾರ್ಥದ ಸರಿಯಾದ ಸಂಖ್ಯೆಯನ್ನು ಹಿಡಿಯುವುದಿಲ್ಲ. ಸಿಟ್ರಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ನೀರಿಲ್ಲದ ರೂಪ 77-92-9. ಒಂದು ನೀರಿನ ಅಣು ಸೇರಿರುವ ರೂಪ 5949-29-1. ಎರಡೂ ತಾಳೆಯಲ್ಲಿ ಪಾಸ್. ಆದರೆ ಎರಡನೆಯದರ ತೂಕದಲ್ಲಿ ಸುಮಾರು ಶೇ. 8.6 ನೀರೇ ಇರುತ್ತದೆ. ಖರೀದಿಯವರು ಎರಡನೆಯದನ್ನು ತರಿಸಿ, ನೀವು ಮೊದಲನೆಯದನ್ನು ಬರೆದರೆ ಲೆಕ್ಕ ಅಷ್ಟು ತಪ್ಪಿದಂತೆ.

ಎಕ್ಸೆಲ್ ಬಳಸುವವರಿಗೆ ಒಂದು ಎಚ್ಚರಿಕೆ. ಅಸಿಟೋನೈಟ್ರೈಲ್‌ನ ಸಂಖ್ಯೆ 75-05-8. ಇದು ನೋಡಲು 1975ರ ಮೇ 8ರ ಹಾಗೇ ಇದೆ, ಅಲ್ವಾ? ಎಕ್ಸೆಲ್‌ಗೂ ಹಾಗೇ ಕಂಡು ಸದ್ದಿಲ್ಲದೆ ದಿನಾಂಕ ಮಾಡಿಬಿಡಬಹುದು. ಆ ಕಾಲಂ ಅನ್ನು ಡೇಟಾ ಹಾಕುವ ಮೊದಲೇ ಟೆಕ್ಸ್ಟ್ ಎಂದು ಗುರುತಿಸಿ. ಹಾಕಿದ ಮೇಲೆ ಬದಲಿಸಿದರೆ ಉಪಯೋಗವಿಲ್ಲ.

ಅಳತೆಯ ಗೊಂದಲವೂ ಇಲ್ಲೇ ಬಗೆಹರಿಯಲಿ. ಎಲ್ಲವನ್ನೂ ತೂಕದ ಶೇಕಡಾದಲ್ಲಿ ಇಡಿ. ಆಲ್ಕೋಹಾಲ್ ಡ್ರಮ್ ಮೇಲೆ ಶೇ. 96 ಎಂದಿದ್ದರೆ ಸಾಮಾನ್ಯವಾಗಿ ಅದು ಗಾತ್ರದ ಲೆಕ್ಕ. ತೂಕದಲ್ಲಿ ಅದು ಸುಮಾರು ಶೇ. 93.8. ಇನ್ನು ಕೆಲವು ದೇಶಗಳಲ್ಲಿ ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಅಲ್ಲಿಂದ ಬಂದ ಫೈಲ್‌ನಲ್ಲಿ 1,5 ಎನ್ನುವುದು ಒಂದೂವರೆ, ಹದಿನೈದಲ್ಲ.

ಹಂತ 4: ಮಿಶ್ರಣದೊಳಗಿನ ಮಿಶ್ರಣವನ್ನು ಬಿಡಿಸಿ

ಈ ಹಂತಕ್ಕೆ ಸಮಯ ಜಾಸ್ತಿ ಇಟ್ಟುಕೊಳ್ಳಿ. ನೀವು ಖರೀದಿಸುವ ಸುಗಂಧ, ಬಣ್ಣ, ಸಂರಕ್ಷಕ ಇವೆಲ್ಲ ಸ್ವತಃ ಮಿಶ್ರಣಗಳು. ಅವುಗಳ ಒಳಗೆ ಮತ್ತೆ ಮಿಶ್ರಣ ಇರಬಹುದು. ಇವನ್ನು ಒಂದೊಂದೇ ಪದರ ಬಿಡಿಸಿ, ಒಂದೇ ಮಟ್ಟದ ಪಟ್ಟಿ ಮಾಡಬೇಕು.

ಲೆಕ್ಕ ಸರಳ, ಗುಣಿಸುವುದು ಅಷ್ಟೇ. ಕ್ಲೀನರ್‌ನಲ್ಲಿ ಶೇ. 2.5 ಸುಗಂಧ ಇದೆ. ಆ ಸುಗಂಧದಲ್ಲಿ ಶೇ. 8 ಲಿಮೊನೀನ್ ಇದೆ. ಹಾಗಾದರೆ ಕ್ಲೀನರ್‌ನಲ್ಲಿ ಲಿಮೊನೀನ್ ಶೇ. 0.2. ಅದೇ ಕ್ಲೀನರ್‌ನಲ್ಲಿ ಶೇ. 4 ದ್ರಾವಕ ಮಿಶ್ರಣವೂ ಇದ್ದು, ಅದರಲ್ಲಿ ಶೇ. 30 ಲಿಮೊನೀನ್ ಇದ್ದರೆ ಅದರಿಂದ ಶೇ. 1.2. ಎರಡನ್ನೂ ಕೂಡಿಸಿದರೆ 1.4. ಕೂಡಿಸುವುದನ್ನು ಮರೆತು ಎರಡು ಸಾಲುಗಳಾಗಿ ಬಿಡುವುದು ಸಾಮಾನ್ಯ ತಪ್ಪು. ಮಿತಿ ದಾಟಿದೆಯೇ ಇಲ್ಲವೇ ಎನ್ನುವುದು ಒಟ್ಟು ಮೊತ್ತದ ಮೇಲೆ ನಿಂತಿರುತ್ತದೆ.

ಕಷ್ಟ ಬರುವುದು ಪೂರೈಕೆದಾರರು ಪೂರ್ತಿ ಹೇಳದೇ ಇದ್ದಾಗ. ಅವರು ಕೊಡುವುದು ಸುರಕ್ಷತಾ ಮಾಹಿತಿ ಹಾಳೆ. ಎಸ್‌ಡಿಎಸ್ ಎನ್ನುತ್ತಾರೆ, 16 ವಿಭಾಗ ಇರುತ್ತದೆ, 3ನೇ ವಿಭಾಗದಲ್ಲಿ ಪದಾರ್ಥಗಳು. ಆದರೆ ಅಲ್ಲಿ ಇರುವುದು ಅಪಾಯಕಾರಿ ಎನಿಸಿದ, ನಿಗದಿತ ಮಿತಿ ದಾಟಿದ ಪದಾರ್ಥಗಳಷ್ಟೇ. ಪ್ರಮಾಣವೂ “10ರಿಂದ 30” ಎಂಬಂತೆ ಅಗಲವಾಗಿರುತ್ತದೆ. ಅದನ್ನು ಪೂರ್ತಿ ಪಟ್ಟಿ ಎಂದುಕೊಂಡು ಲೆಕ್ಕ ಹಾಕಿದರೆ ಮೊತ್ತ ನೂರು ಮುಟ್ಟುವುದೇ ಇಲ್ಲ.

ಹೀಗೆ ವ್ಯಾಪ್ತಿ ಕೊಟ್ಟಾಗ ಮಧ್ಯದ ಅಂಕಿ ಹಿಡಿಯುವ ಅಭ್ಯಾಸ ಹಲವರಿಗಿದೆ. 10ರಿಂದ 30 ಎಂದರೆ 20 ಎಂದುಕೊಳ್ಳುವುದು. ದಯವಿಟ್ಟು ಬೇಡ. ಕೆಳಗಿನದನ್ನೂ ಮೇಲಿನದನ್ನೂ ಬೇರೆ ಬೇರೆ ಗುಣಿಸಿ. ಶೇ. 2.5 ಸುಗಂಧಕ್ಕೆ ಇದು 0.25ರಿಂದ 0.75 ಆಗುತ್ತದೆ. ಅಷ್ಟು ಅಗಲದ ವ್ಯಾಪ್ತಿಯನ್ನು ಪ್ರಾಧಿಕಾರ ಒಪ್ಪುತ್ತದೆಯೇ ಎಂದು ಮುಂದಿನ ಹಂತದಲ್ಲಿ ನೋಡೋಣ.

ಪೂರೈಕೆದಾರರು ಗುಟ್ಟು ಬಿಟ್ಟುಕೊಡುವುದೇ ಇಲ್ಲ ಎಂದರೆ ಪಿಸಿಎನ್‌ನಲ್ಲಿ ಒಂದು ದಾರಿ ಇದೆ. ಅವರ ಮಿಶ್ರಣಕ್ಕೆ ಯುಎಫ್ಐ ಇದ್ದರೆ, ಅವರೇ ಅದನ್ನು ಮೊದಲು ಸಲ್ಲಿಸಿದ್ದರೆ, ನಿಮ್ಮ ವರದಿಯಲ್ಲಿ ಒಳಗಿನ ವಿವರದ ಬದಲು ಆ ಕೋಡ್ ಬರೆಯಬಹುದು. ಯುಎಫ್ಐ ಎಂದರೆ ಫಾರ್ಮುಲಾದ ಗುರುತಿಗೆ 16 ಅಕ್ಷರ-ಅಂಕಿಗಳ ಕೋಡ್, ನಾಲ್ಕು ನಾಲ್ಕರಂತೆ ಬಿಡಿಸಿ ಬರೆಯುವುದು. ಕಂಪನಿಯ ವ್ಯಾಟ್ ಸಂಖ್ಯೆ ಮತ್ತು ನೀವೇ ಕೊಡುವ ಫಾರ್ಮುಲಾ ಸಂಖ್ಯೆ, ಇವೆರಡರಿಂದ ಹುಟ್ಟುತ್ತದೆ. ವೈದ್ಯರು ಫೋನ್‌ನಲ್ಲಿ ಓದಿ ಹೇಳುತ್ತಾರೆ ಎಂದೆನಲ್ಲ, ಅದೇ ಕೋಡ್ ಇದು. ಖರೀದಿ ಒಪ್ಪಂದದಲ್ಲೇ “ಯುಎಫ್ಐ ಕೊಡಬೇಕು, ಬದಲಾದರೆ ಮೊದಲೇ ತಿಳಿಸಬೇಕು” ಎಂದು ಒಂದು ಸಾಲು ಸೇರಿಸಿ. ಖರೀದಿಯವರು ಬೇಕು ಎಂದದ್ದು ಇದಕ್ಕೇ.

ಕೋಡ್ ಬರೆಯುವವರಿಗೆ ಒಂದು ಕಿವಿಮಾತು: ಶೇಕಡಾ ಲೆಕ್ಕಕ್ಕೆ ಮಾಮೂಲಿ ಫ್ಲೋಟ್ ಬಳಸಬೇಡಿ, ಡೆಸಿಮಲ್ ಬಗೆ ಬಳಸಿ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಮಿತಿ ಸರಿಯಾಗಿ 0.3 ಇದ್ದಾಗ ಆ ಬಾಲದ 4 ನಿಮ್ಮ ಉತ್ಪನ್ನವನ್ನು ತಪ್ಪು ಗುಂಪಿಗೆ ತಳ್ಳುತ್ತದೆ. ರೌಂಡ್ ಮಾಡುವುದಿದ್ದರೆ ಕೊನೆಯಲ್ಲಿ ಒಮ್ಮೆ ಮಾತ್ರ.

ಹಂತ 5: ನಿಯಮಗಳನ್ನು ಕೋಷ್ಟಕದಲ್ಲಿ ಇಡಿ

ಮಿತಿಗಳನ್ನು ಕೋಡ್‌ನ ಒಳಗೆ ಅಲ್ಲಲ್ಲಿ ಬರೆದಿಡಬೇಡಿ. ಬೇರೆ ಕೋಷ್ಟಕದಲ್ಲಿ ಇಡಿ, ಯಾವತ್ತಿನಿಂದ ಜಾರಿ ಎನ್ನುವ ಕಾಲಂ ಸಮೇತ. ನಿಯಮ ಗೊತ್ತಿರುವವರು ಡೆವಲಪರ್‌ನ ಸಹಾಯ ಇಲ್ಲದೇ ಅದನ್ನು ಓದಿ ತಿದ್ದುವ ಹಾಗಿರಬೇಕು.

ಪಿಸಿಎನ್‌ನ ಉದಾಹರಣೆ ತೆಗೆದುಕೊಳ್ಳೋಣ. ಅಪಾಯಕಾರಿ ಪದಾರ್ಥ ಶೇ. 0.1 ಅಥವಾ ಜಾಸ್ತಿ ಇದ್ದರೆ ಬರೆಯಬೇಕು, ಕೆಲವನ್ನು ಅದಕ್ಕಿಂತ ಕಡಿಮೆ ಇದ್ದರೂ. ಅಪಾಯವಿಲ್ಲದ ಪದಾರ್ಥವಾದರೆ ಶೇ. 1ರಿಂದ. ನಿಖರ ಪ್ರಮಾಣ ಬೇಡ, ವ್ಯಾಪ್ತಿ ಕೊಡುತ್ತೇನೆ ಎಂದರೆ ಅದರ ಅಗಲಕ್ಕೆ ಮಿತಿಗಳಿವೆ. ತೀವ್ರ ವಿಷ, ಚರ್ಮ ಸುಡುವುದು, ಕಣ್ಣಿಗೆ ಗಂಭೀರ ಹಾನಿ ಇಂಥ ದೊಡ್ಡ ಆತಂಕದ ಗುಂಪಿಗೆ ಹೀಗಿದೆ:

ಶೇ. 25ರಿಂದ 100ರ ಒಳಗೆ: ಅಗಲ 5
ಶೇ. 10ರಿಂದ 25ರ ಒಳಗೆ: ಅಗಲ 3
ಶೇ. 1ರಿಂದ 10ರ ಒಳಗೆ: ಅಗಲ 1
ಶೇ. 0.1ರಿಂದ 1ರ ಒಳಗೆ: ಅಗಲ 0.3
ಶೇ. 0.1ಕ್ಕಿಂತ ಕಡಿಮೆ: ಅಗಲ 0.1

ಉಳಿದ ಪದಾರ್ಥಗಳಿಗೆ ಸಡಿಲ ಜಾಸ್ತಿ. ಮೇಲಿನಿಂದ ಕೆಳಕ್ಕೆ 20, 10, 3, ಶೇ. 1ಕ್ಕಿಂತ ಕಡಿಮೆಯಾದರೆ 1.

ಈಗ ಹಿಂದಿನ 0.25ರಿಂದ 0.75ಕ್ಕೆ ವಾಪಸ್ ಬನ್ನಿ. ಅದರ ಅಗಲ 0.5. ಸಾಮಾನ್ಯ ಗುಂಪಿನ ಪದಾರ್ಥವಾದರೆ ಮಿತಿ 1, ನಡೆಯುತ್ತದೆ. ದೊಡ್ಡ ಆತಂಕದ ಗುಂಪಾದರೆ ಮಿತಿ 0.3, ನಡೆಯುವುದಿಲ್ಲ. ಆಗ ಪ್ರೋಗ್ರಾಂ ವ್ಯಾಪ್ತಿಯನ್ನು ತಾನೇ ಕಿರಿದು ಮಾಡಬಾರದು. ಅಲ್ಲೇ ನಿಂತು, “ಈ ಪೂರೈಕೆದಾರರಿಂದ ಇನ್ನಷ್ಟು ನಿಖರ ಮಾಹಿತಿ ಬೇಕು” ಎಂದು ಖರೀದಿಯವರಿಗೆ ಒಂದು ಕೆಲಸ ಹುಟ್ಟುಹಾಕಬೇಕು. ಆಟೋಮೇಷನ್ ಸಮಯ ಉಳಿಸುವುದು ಇಂಥ ಜಾಗಗಳಲ್ಲಿ. ನೂರಾರು ಉತ್ಪನ್ನಗಳಲ್ಲಿ ಯಾವ ಹನ್ನೆರಡಕ್ಕೆ ಮನುಷ್ಯರು ಬೇಕು ಎಂದು ಅದು ಆರಿಸಿ ಕೊಡುತ್ತದೆ.

ವರದಿಯಲ್ಲಿ ಪದಾರ್ಥವಷ್ಟೇ ಇರುವುದಿಲ್ಲ ಎನ್ನುವುದೂ ನೆನಪಿರಲಿ. ಬಣ್ಣ, ಪಿಎಚ್, ಪ್ಯಾಕಿಂಗ್ ಬಗೆ ಮತ್ತು ಗಾತ್ರ, ಉತ್ಪನ್ನದ ವರ್ಗ, ವಿಷದ ಪರಿಣಾಮದ ಮಾಹಿತಿ, ಅದೂ ಆಯಾ ದೇಶ ಒಪ್ಪುವ ಭಾಷೆಯಲ್ಲಿ. ಇವು ಸಾಮಾನ್ಯವಾಗಿ ಯಾರದೋ ವರ್ಡ್ ಫೈಲ್‌ನಲ್ಲಿ ಇರುತ್ತವೆ. ಅವಕ್ಕೂ ಡೇಟಾಬೇಸ್‌ನಲ್ಲಿ ಜಾಗ ಮಾಡಿ.

ಹಂತ 6: ಫೈಲ್ ತಯಾರಿಸಿ, ಕಳಿಸುವ ಮೊದಲೇ ಪರೀಕ್ಷಿಸಿ

ಪ್ರಾಧಿಕಾರಗಳು ಸಾಮಾನ್ಯವಾಗಿ ಎಕ್ಸ್‌ಎಂಎಲ್ ಕೇಳುತ್ತವೆ. ಪ್ರತಿ ಮಾಹಿತಿಗೂ ಹೆಸರಿನ ಚೀಟಿ ಅಂಟಿಸಿದ, ಕಂಪ್ಯೂಟರ್ ಓದುವ ಬರಹ ಅದು. ಪಿಸಿಎನ್‌ಗೆ ಐಯುಕ್ಲಿಡ್ ಎಂಬ ಫಾರ್ಮ್ಯಾಟ್, ಎಫ್‌ಡಿಎಗೆ ಎಸ್‌ಪಿಎಲ್ ಎಂಬುದು, ತಂಬಾಕಿನ ಯುರೋಪ್ ಪೋರ್ಟಲ್‌ಗೆ ಅದರದೇ ಎಕ್ಸ್‌ಎಂಎಲ್. ನಿಮ್ಮ ಡೇಟಾಬೇಸ್ ಒಂದೇ ಇರಲಿ. ಪ್ರತಿ ಬಾಗಿಲಿಗೂ ಬೇರೆ ಅನುವಾದಕ ಬರೆಯಿರಿ. ಒಂದು ಫಾರ್ಮ್ಯಾಟ್ ಬದಲಾದಾಗ, ಬದಲಾಗುವುದಂತೂ ಖಂಡಿತ, ಒಂದನ್ನು ಮಾತ್ರ ತಿದ್ದಿದರೆ ಸಾಕು.

ಪರೀಕ್ಷೆ ಎರಡು ಬಗೆ. ಮೊದಲನೆಯದು ರೂಪದ್ದು: ಇರಬೇಕಾದ ಜಾಗಗಳೆಲ್ಲ ತುಂಬಿವೆಯೇ, ಅಂಕಿ ಇರಬೇಕಾದಲ್ಲಿ ಅಂಕಿಯೇ ಇದೆಯೇ. ಫೈಲ್‌ನ ರೂಪ ಹೇಗಿರಬೇಕು ಎಂದು ಹೇಳುವ, ಪ್ರಾಧಿಕಾರವೇ ಕೊಡುವ ಸ್ಕೀಮಾ ಫೈಲ್ ಇಟ್ಟುಕೊಂಡು ಇದನ್ನು ಮಾಡಬಹುದು. ಎರಡನೆಯದು ಅರ್ಥದ್ದು: ಮೊತ್ತ ನೂರರ ಆಸುಪಾಸಿದೆಯೇ, ಅಪಾಯದ ವರ್ಗ ಪದಾರ್ಥಗಳಿಗೆ ಹೊಂದುತ್ತದೆಯೇ, ಹಿಂದಿನ ವರದಿಗೂ ಇದಕ್ಕೂ ಅಜಗಜಾಂತರ ಇದೆಯೇ. ರೂಪ ಸರಿ ಇದ್ದ ಮಾತ್ರಕ್ಕೆ ಅರ್ಥ ಸರಿ ಇರಬೇಕೆಂದಿಲ್ಲ. ಪೋರ್ಟಲ್ ಕೊಡುವ “ಪಾಸ್” ಸಂದೇಶವೂ ನಿಮ್ಮ ಫಾರ್ಮುಲಾ ಸರಿ ಎಂಬ ಸರ್ಟಿಫಿಕೇಟ್ ಅಲ್ಲ.

ಹಂತ 7: ಕಳಿಸುವುದು

ಮೂರು ದಾರಿಗಳಿವೆ. ವೆಬ್ ಫಾರಂ ತುಂಬುವುದು, ಫೈಲ್ ಅಪ್‌ಲೋಡ್ ಮಾಡುವುದು, ನಿಮ್ಮ ಕಂಪ್ಯೂಟರ್ ನೇರವಾಗಿ ಅವರ ಕಂಪ್ಯೂಟರ್ ಜೊತೆ ಮಾತಾಡುವುದು. ಪಿಸಿಎನ್ ನಡೆಸುವ ಯುರೋಪಿಯನ್ ರಾಸಾಯನಿಕ ಸಂಸ್ಥೆ ಮೂರನ್ನೂ ಕೊಡುತ್ತದೆ. ಎಲ್ಲ ಪೋರ್ಟಲ್‌ಗಳೂ ಕೊಡುವುದಿಲ್ಲ. ನೇರ ದಾರಿ ಇಲ್ಲದ ಕಡೆ, ಮನುಷ್ಯರ ಹಾಗೆ ಕ್ಲಿಕ್ ಮಾಡುವ ರೋಬೋ ಸ್ಕ್ರಿಪ್ಟ್ ಬರೆಯುವ ಆಸೆ ಬರುತ್ತದೆ. ನನಗದು ಇಷ್ಟವಿಲ್ಲ. ಪುಟದಲ್ಲಿ ಒಂದು ಬಟನ್ ಜಾಗ ಬದಲಾದರೆ ತಪ್ಪು ಜಾಗದಲ್ಲಿ ತಪ್ಪು ಅಂಕಿ ಕೂರುತ್ತದೆ. ಪೋರ್ಟಲ್‌ನ ಷರತ್ತುಗಳೂ ಅದನ್ನು ಒಪ್ಪದೇ ಇರಬಹುದು. ಅಂಥ ಕಡೆ ಅದೇ ಫಾರಂನ ಕ್ರಮದಲ್ಲಿ ಒಂದು ಹಾಳೆ ತಯಾರಿಸಿ ಕೊಡಿ, ಮನುಷ್ಯರೇ ನೋಡಿ ತುಂಬಲಿ.

ನೇರ ದಾರಿಯಲ್ಲಿ ಬೀಳುವ ಗುಂಡಿ ಒಂದು: ಫೈಲ್ ಕಳಿಸಿದಿರಿ, ಉತ್ತರ ಬರುವ ಮೊದಲೇ ಸಂಪರ್ಕ ಕಡಿಯಿತು. ಹೋಯಿತೋ ಇಲ್ಲವೋ? ನನ್ನ ಮೊದಲ ಪ್ರೋಗ್ರಾಂ ಹೋಗಿಲ್ಲ ಎಂದುಕೊಂಡು ಮತ್ತೆ ಕಳಿಸುತ್ತಿತ್ತು. ಒಂದೇ ಉತ್ಪನ್ನ ಎರಡೆರಡು ಸಲ ದಾಖಲಾಗಿ, ಬಿಡಿಸುವುದರಲ್ಲಿ ಒಂದು ವಾರ ಹೋಯಿತು. ಈಗ ಮಾಡುವುದು ಹೀಗೆ: ಪ್ರತಿ ಸಲ್ಲಿಕೆಗೂ ಕಳಿಸುವ ಮೊದಲೇ ಒಂದು ಗುರುತು ಸಂಖ್ಯೆ ಹುಟ್ಟಿಸಿ ಬರೆದಿಡುವುದು. ಉತ್ತರ ಬರದಿದ್ದರೆ ಮತ್ತೆ ಕಳಿಸುವ ಮೊದಲು ಅದರ ಸ್ಥಿತಿ ಏನು ಎಂದು ಕೇಳುವುದು.

“ಸ್ವೀಕರಿಸಿದೆ” ಮತ್ತು “ಪರೀಕ್ಷೆಯಲ್ಲಿ ಪಾಸಾಗಿದೆ” ಎರಡೂ ಬೇರೆ. ಮೊದಲನೆಯದು ಬಂದ ತಕ್ಷಣ ಹಸಿರು ದೀಪ ತೋರಿಸುವ ವ್ಯವಸ್ಥೆಗಳನ್ನು ನೋಡಿದ್ದೇನೆ. ಎರಡನೆಯದು ಬರುವವರೆಗೂ ಹಳದಿಯೇ ಇರಲಿ. ಬಂದ ಪ್ರತಿ ರಸೀದಿಯನ್ನೂ ಕಳಿಸಿದ ಫೈಲ್ ಜೊತೆಗೇ ಉಳಿಸಿ.

ಹಂತ 8: ಫಾರ್ಮುಲಾ ಬದಲಾದಾಗ

ಮೊದಲ ಸಲ ಕಳಿಸುವುದು ಒಂದು ಸಲದ ಕೆಲಸ. ಬದಲಾವಣೆ ಗಮನಿಸುವುದು ದಿನನಿತ್ಯದ ಕೆಲಸ. ಆಟೋಮೇಷನ್‌ಗೆ ಹಾಕಿದ ದುಡ್ಡು ವಾಪಸ್ ಬರುವುದು ಇಲ್ಲೇ.

ಪ್ರತಿ ಹೊಸ ಆವೃತ್ತಿಯನ್ನೂ ಕೊನೆಯದಾಗಿ ಕಳಿಸಿದ ವರದಿಗೆ ಹೋಲಿಸಿ. ಹಿಂದಿನ ಆವೃತ್ತಿಗೆ ಹೋಲಿಸಬೇಡಿ. ಈ ವ್ಯತ್ಯಾಸ ಮುಖ್ಯ. ಐದು ಸಲ ಸ್ವಲ್ಪ ಸ್ವಲ್ಪ ಬದಲಾಯಿಸಿದರೆ ಒಂದೊಂದೂ ಮಿತಿಯೊಳಗೇ ಇರುತ್ತದೆ, ಒಟ್ಟಿಗೆ ಎಲ್ಲೋ ಹೋಗಿರುತ್ತದೆ.

ಮಿತಿ ಎಷ್ಟು? ಪಿಸಿಎನ್‌ನಲ್ಲಿ ವ್ಯಾಪ್ತಿ ಕೊಟ್ಟಿದ್ದರೆ ಅದರಿಂದ ಹೊರಗೆ ಹೋದಾಗ. ನಿಖರ ಅಂಕಿ ಕೊಟ್ಟಿದ್ದರೆ ಆ ಅಂಕಿಯ ಮೇಲೆ ಶೇಕಡಾ ಲೆಕ್ಕ: 25ಕ್ಕಿಂತ ಜಾಸ್ತಿ ಇದ್ದದ್ದಕ್ಕೆ ಶೇ. 5, 10ರಿಂದ 25ಕ್ಕೆ ಶೇ. 10, 2.5ರಿಂದ 10ಕ್ಕೆ ಶೇ. 20, ಅದಕ್ಕೂ ಕಡಿಮೆಯಾದರೆ ಶೇ. 30. ಒಂದು ಪದಾರ್ಥ 12.4 ಎಂದು ಕೊಟ್ಟಿದ್ದೀರಿ ಎನ್ನಿ. 11.16ರಿಂದ 13.64ರವರೆಗೆ ಓಡಾಡಿದರೆ ತೊಂದರೆ ಇಲ್ಲ. 13.7 ಆದರೆ ವರದಿ ಹೊಸದಾಗಬೇಕು, ಯುಎಫ್ಐ ಕೂಡ ಹೊಸದು. ಪದಾರ್ಥವೊಂದನ್ನು ತೆಗೆದರೂ ಸೇರಿಸಿದರೂ ಹಾಗೇ.

ಹೊಸ ಯುಎಫ್ಐ ಎಂದರೆ ಹೊಸ ಲೇಬಲ್. ಹಾಗಾಗಿ ಈ ಎಚ್ಚರಿಕೆ ನಿಯಮ ವಿಭಾಗಕ್ಕಷ್ಟೇ ಹೋದರೆ ಸಾಲದು, ಲೇಬಲ್ ಮುದ್ರಿಸುವವರಿಗೂ ಹೋಗಬೇಕು. ಹಳೆ ಕೋಡಿನ ಲೇಬಲ್ ಇನ್ನೂ ಗೋದಾಮಿನಲ್ಲಿ ಇದ್ದರೆ ಅದನ್ನು ಹೊಸ ಬ್ಯಾಚಿಗೆ ಅಂಟಿಸದಂತೆ ತಡೆ ಹಾಕಿ.

ನೀವು ಏನೂ ಬದಲಿಸದೆಯೂ ವರದಿ ಹಳತಾಗಬಹುದು. ಪೂರೈಕೆದಾರರು ಹೊಸ ಎಸ್‌ಡಿಎಸ್ ಕಳಿಸುತ್ತಾರೆ. ಸಿಎಲ್‌ಪಿಯ ಪಟ್ಟಿಯಲ್ಲಿ ಒಂದು ರಾಸಾಯನಿಕದ ಅಪಾಯದ ವರ್ಗ ಬದಲಾಗುತ್ತದೆ. ಸೌಂದರ್ಯ ಸಾಧನದವರಿಗೆ ತಾಜಾ ಉದಾಹರಣೆ: ಯುರೋಪಿನ 2023/1545 ನಿಯಮ ಲೇಬಲ್ ಮೇಲೆ ಹೆಸರಿಸಬೇಕಾದ ಸುಗಂಧ ಅಲರ್ಜಿಕಾರಕಗಳ ಪಟ್ಟಿಯನ್ನು 80ಕ್ಕೂ ಮೇಲೆ ಒಯ್ದಿತು. ಹೊಸ ಉತ್ಪನ್ನಗಳಿಗೆ ಗಡುವು 2026ರ ಜುಲೈ 31, ಈಗಾಗಲೇ ಮಾರಾಟದಲ್ಲಿ ಇರುವವಕ್ಕೆ 2028ರ ಜುಲೈ 31. ಹಚ್ಚಿಕೊಂಡು ಬಿಡುವ ಉತ್ಪನ್ನದಲ್ಲಿ ಶೇ. 0.001 ದಾಟಿದರೆ, ತೊಳೆಯುವುದರಲ್ಲಿ ಶೇ. 0.01 ದಾಟಿದರೆ ಹೆಸರು ಬರೆಯಬೇಕು. 4ನೇ ಹಂತ ಸರಿಯಾಗಿ ಮಾಡಿದವರಿಗೆ ಇದು ಡೇಟಾಬೇಸ್‌ಗೆ ಒಂದು ಪ್ರಶ್ನೆ ಕೇಳುವಷ್ಟೇ ಕೆಲಸ. ಮಾಡದವರು ಎಲ್ಲ ಸುಗಂಧ ಪೂರೈಕೆದಾರರಿಗೂ ಒಟ್ಟಿಗೆ ಮೇಲ್ ಬರೆಯುತ್ತಾ ಕೂರುತ್ತಾರೆ.

ಹಂತ 9: ಚಾಲೂ ಮಾಡುವ ಬಗೆ

ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಹತ್ತು ಉತ್ಪನ್ನ ಆರಿಸಿ. ಸುಲಭದವನ್ನೇ ಆರಿಸಿಕೊಂಡರೆ ಮೋಸ ಹೋಗುತ್ತೀರಿ. ಎರಡು ಸರಳ, ಮೂರು ಪದರ ಇರುವ ಒಂದೆರಡು, ಪೂರೈಕೆದಾರರು ಗುಟ್ಟು ಬಿಡದ ಒಂದು, ಮಿತಿಯ ಅಂಚಿನಲ್ಲೇ ಇರುವ ಒಂದು, ರಾಸಾಯನಿಕ ಕ್ರಿಯೆ ನಡೆಯುವ ಒಂದು ಖಂಡಿತ ಇರಲಿ. ಇವನ್ನು ಕೈಯಲ್ಲೂ ತಯಾರಿಸಿ, ಪ್ರೋಗ್ರಾಂನಲ್ಲೂ ತಯಾರಿಸಿ, ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸ ಕಂಡಲ್ಲಿ ಪ್ರೋಗ್ರಾಂ ತಪ್ಪು ಎಂದು ಮೊದಲೇ ತೀರ್ಮಾನಿಸಬೇಡಿ. ಎಷ್ಟೋ ಸಲ ಕೈಬರಹವೇ ತಪ್ಪಿರುತ್ತದೆ.

ಕಳಿಸುವ ಬಟನ್ ಮನುಷ್ಯರ ಕೈಯಲ್ಲೇ ಇರಲಿ, ಕಡೇ ಪಕ್ಷ ಮೊದಲ ಕೆಲವು ತಿಂಗಳು. ಒಪ್ಪುವವರಿಗೆ ಇಡೀ ಫೈಲ್ ತೋರಿಸಿದರೆ ಅವರು ಓದುವುದಿಲ್ಲ, ಕಣ್ಣು ಮುಚ್ಚಿ ಒಪ್ಪಿಬಿಡುತ್ತಾರೆ. ಹಿಂದಿನದಕ್ಕಿಂತ ಏನು ಬದಲಾಗಿದೆ ಎನ್ನುವುದನ್ನು ಮಾತ್ರ ತೋರಿಸಿ.

ವೈಫಲ್ಯದ ಮೇಲ್ ಒಬ್ಬರ ಹೆಸರಿಗೆ ಹೋಗುವ ಹಾಗೆ ಇಡಬೇಡಿ. ಅವರು ರಜೆ ಹಾಕುತ್ತಾರೆ, ಕೆಲಸ ಬಿಡುತ್ತಾರೆ. ಗುಂಪಿನ ವಿಳಾಸ ಮಾಡಿ. ಪೋರ್ಟಲ್ ಜೊತೆ ಮಾತಾಡಲು ಬಳಸುವ ಡಿಜಿಟಲ್ ಸರ್ಟಿಫಿಕೇಟ್ ಮತ್ತು ಕೀಲಿಗಳ ಅವಧಿ ಮುಗಿಯುವ ದಿನವನ್ನೂ ಅದೇ ಗುಂಪಿನ ಕ್ಯಾಲೆಂಡರ್‌ಗೆ ಹಾಕಿ, ಒಂದು ತಿಂಗಳು ಮುಂಚಿನ ನೆನಪಿನ ಜೊತೆ. ಅವಧಿ ಮುಗಿದರೆ ಕಳಿಸುವುದು ನಿಲ್ಲುತ್ತದೆ, ಆದರೆ ಉತ್ಪಾದನೆ ನಿಲ್ಲುವುದಿಲ್ಲ. ಲಾರಿ ಗೇಟಿನಲ್ಲಿ ನಿಂತಾಗಲೇ ವಿಷಯ ಗೊತ್ತಾಗುವುದು.